ವರ್ತನೆಯ ಕಾಲಮ್ಮಿನಲ್ಲಿ ನಾನು ಬರೆದದ್ದು

ಶಾಲೆಯ ಆಫೀಸಿಗೆ ಹೊಸದಾಗಿ ನೌಕರಿಗೆ ಸೇರುವ ಹುಡುಗರು ಹುಡುಗಿಯರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಶಿಪಾಯಿ, ಅಂದರೆ ಆಫೀಸಿನ ಜವಾನ, ಆದೆ, ಯಾವಾಗ ಕ್ಲಾರ್ಕ್ ಆದೆ ಎಂಬುದೆಲ್ಲ ನನ್ನ ಸರ್ವಿಸ್ ಬುಕ್ಕಿನಲ್ಲಿದೆ. ಅದರಲ್ಲಿ ಇಲ್ಲದ್ದು ಇಲ್ಲಿದೆ. ಒಬ್ಬ ಹುಡುಗಿ ಶಾಲೆ ಬಿಡುವಾಗ ಕೊಡುವ ದಾಖಲೆಯಲ್ಲಿ, ‘ವರ್ತನೆ’ ಎಂಬ ಕಾಲಮ್ಮಿನ ಎದುರಿಗೆ, ನನ್ನ ದುಂಡಗಿನ ಅಕ್ಷರದಲ್ಲಿ ನಾನೊಂದು ಸುಳ್ಳು ಬರೆದೆ. ಸುಳ್ಳೆಂದು ಗೊತ್ತಿದ್ದೇ ಬರೆದೆ. ಅವಳ ಅಪ್ಪ ಅದನ್ನು ವರ್ಷಗಟ್ಟಲೆ ನಂಬಿದ. ಓದಿದ ಮೇಲೆ ನಿಮಗೆ ನನ್ನ ಮೇಲೆ ಸಿಟ್ಟು ಬರಬೇಕು. ಬರದಿದ್ದರೆ ದಯವಿಟ್ಟು ಈ ನೌಕರಿಗೆ ಬರಬೇಡಿ.

ನಾನು ಗುಲ್ಬರ್ಗಾ ಜಿಲ್ಲೆಯ ಅಫಜಲಪುರದ ಕಡೆಯವನು. ಮ್ಯಾಟ್ರಿಕ್ ಪಾಸು. ಹೆಸರು ಸಿದ್ರಾಮಪ್ಪ, ಮಕ್ಕಳಿಗೆಲ್ಲ ನಾನು ‘ಕಾಕಾ’. ಮರಾಠಿ ನಾಡಿನ ಪಿಂಪ್ರಿ-ಚಿಂಚವಾಡದ ಕಾರ್ಖಾನೆ ಕಾಲೊನಿಗಳ ನಡುವೆ ನಮ್ಮ ಶಾಲೆ. ಮರಾಠಿ ಮಾಧ್ಯಮ, ಐದನೆಯಿಂದ ಹತ್ತನೆಯ ತನಕ. ಶಾಲೆಯ ಹೆಸರು ಹೇಳುವುದಿಲ್ಲ. ಹೆದರಿಕೆಯಿಂದಲ್ಲ. ಅಂಥ ಶಾಲೆಗಳು ಬಹಳ ಇವೆ. ಒಂದರ ಹೆಸರು ಹೇಳಿದರೆ ಉಳಿದವು ತಪ್ಪಿಸಿಕೊಳ್ಳುತ್ತವೆ. ಶಾಲೆಯಲ್ಲಿ ಮರಾಠಿಯಲ್ಲಿ ನಡೆದ ಮಾತನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಮೊದಲ ವರ್ಷಗಳಲ್ಲಿ ನನ್ನ ಮುಖ್ಯ ಕೆಲಸ ಸೈಕ್ಲೋಸ್ಟೈಲ್ ಯಂತ್ರದ ಮುಂದೆ. ಮೇಣದ ಹಾಳೆಯ ಮೇಲೆ ಲೋಹದ ಕಡ್ಡಿಯಿಂದ ಪ್ರಶ್ನೆಗಳನ್ನು ಕೊರೆಯಬೇಕು, ಯಂತ್ರಕ್ಕೆ ಶಾಯಿ ಹಚ್ಚಬೇಕು, ಹಿಡಿಕೆ ತಿರುಗಿಸುತ್ತ ಒಂದೊಂದೇ ಪ್ರತಿ ತೆಗೆಯಬೇಕು. ಉಗುರಿನ ಸಂದಿಯ ಕಪ್ಪು ಭಾನುವಾರವೂ ಹೋಗುತ್ತಿರಲಿಲ್ಲ. ಒಮ್ಮೆ ಏಳನೆಯ ವರ್ಗದ ಭೂಗೋಳದ ಪತ್ರಿಕೆಯ ಹಿಂಬದಿಗೆ ಎಂಟನೆಯ ವರ್ಗದ ಇತಿಹಾಸ ಛಾಪಿಸಿಬಿಟ್ಟೆ. ಪರೀಕ್ಷೆ ಅರ್ಧ ಗಂಟೆ ನಡೆದ ಮೇಲೆ ಒಬ್ಬ ಹುಡುಗ ಎದ್ದು, “ಬಾಯಿ, ಈ ರಾಜ ಯಾವ ಖಂಡದಲ್ಲಿದ್ದಾನೆ?” ಎಂದು ಕೇಳಿದಾಗ ಗೊತ್ತಾಯಿತು.

ಆಗಿನ ಮುಖ್ಯಾಧ್ಯಾಪಿಕೆ ಲೇಲೆ ಬಾಯಿ. ಅಲ್ಲಿ ಮೇಡಮ್ಮುಗಳಿಗೆ ಬಾಯಿ ಎನ್ನುತ್ತಾರೆ. ಕುಳ್ಳಗಿನ ಹೆಂಗಸು, ಒಂಬತ್ತು ಗಜದ ಸೀರೆಯಲ್ಲ, ಇಸ್ತ್ರಿ ಮಾಡದ ಹತ್ತಿ ಸೀರೆ, ಕಾಲಲ್ಲಿ ಗಂಡಸರ ಚಪ್ಪಲಿ. ನನ್ನ ನೌಕರಿ ಹೋಯಿತೆಂದೇ ತಿಳಿದು ಅವರ ಕೋಣೆಗೆ ಹೋದೆ.

“ಛಾಪಿಸಿದವನು ನೀನು. ನೋಡಿ ಸಹಿ ಮಾಡಿದವಳು ಯಾರು?” ಎಂದರು.

ನಾನು ಕೈಯ ಶಾಯಿ ಒರೆಸಿಕೊಳ್ಳುತ್ತ ನಿಂತೆ.

“ಹೇಳಲು ಹೆದರಿಕೆಯೇ? ನಾನು. ನೋಡದೆ ಸಹಿ ಮಾಡಿದೆ. ನಾಳೆ ಪ್ರಾರ್ಥನೆಯಲ್ಲಿ ಹೇಳುತ್ತೇನೆ.”

ಮರುದಿನ ಇಡೀ ಶಾಲೆಯ ಎದುರಿಗೆ ನಿಂತು, “ನಿನ್ನೆಯ ತಪ್ಪು ನನ್ನದು” ಎಂದರು. ನನ್ನ ಹೆಸರು ಎತ್ತಲೇ ಇಲ್ಲ. ಆ ದಿನ ಅವರ ಹಿಂದೆ ಗಂಟೆ ಹಿಡಿದು ನಿಂತಿದ್ದೆ. ಇಷ್ಟು ಹತ್ತಿರದಿಂದ ನೋಡಿಯೂ ನಾನು ಕಲಿಯಲಿಲ್ಲ. ಅದಕ್ಕೇ ಸಿಟ್ಟು.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ಜೂನ್ ತಿಂಗಳು ಬಾಯಿ ಹೊಸ ನಿಯಮ ತಂದರು. ಘಟಕ ಪರೀಕ್ಷೆಗಳಿಗೆ ಮೇಲ್ವಿಚಾರಕರಿಲ್ಲ. ಶಿಕ್ಷಕರು ಪ್ರಶ್ನೆಪತ್ರಿಕೆ ಹಂಚಿ ಹೊರಗೆ ಹೋಗಬೇಕು. ಮಕ್ಕಳು ಉತ್ತರಪತ್ರಿಕೆಯ ಕೊನೆಗೆ, “ನಾನು ಯಾರಿಂದಲೂ ತೆಗೆದುಕೊಂಡಿಲ್ಲ, ಯಾರಿಗೂ ಕೊಟ್ಟಿಲ್ಲ” ಎಂದು ಬರೆದು ಸಹಿ ಮಾಡಬೇಕು. ಬಾಗಿಲ ಬಳಿಯ ಫಲಕದ ಮೇಲೆ ನಾನೇ ಬಣ್ಣದಲ್ಲಿ ಬರೆದೆ: ‘ಯಾರೂ ನೋಡದಿರುವಾಗಲೂ ನಾನು ಹೀಗೆಯೇ ಇರುತ್ತೇನೆ.’ ಪ್ರಾರ್ಥನೆಯ ನಂತರ ಎಲ್ಲರೂ ಇದನ್ನು ಹೇಳಬೇಕು. ಶಿಕ್ಷಕರು ಕೂಡ, ನಾವು ಶಿಪಾಯಿಗಳು ಕೂಡ.

ಸ್ಟಾಫ್ ರೂಮಿನಲ್ಲಿ ನಕ್ಕವರೇ ಹೆಚ್ಚು. ಗಣಿತದ ಸರ್ ಎದುರಿಗೇ ಅಂದರು: “ಬಾಯಿ, ಇಡೀ ವರ್ಗದಿಂದ ಒಂದೇ ಉತ್ತರ ಬರುತ್ತದೆ ನೋಡಿ.”

“ಬರಲಿ. ಅದು ಸರಿ ಉತ್ತರವಾಗಿದ್ದರೆ ನೀವು ಚೆನ್ನಾಗಿ ಕಲಿಸಿದ್ದೀರಿ ಎಂದು ತಿಳಿಯುತ್ತೇನೆ.”

ಬಂದದ್ದೂ ಒಂದೇ ಉತ್ತರ. ಒಂಬತ್ತನೆಯ ವರ್ಗದ ವಿಜ್ಞಾನದ ಪತ್ರಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು, ಕಪ್ಪೆಯ ಹೃದಯಕ್ಕೆ ಹದಿಮೂರು ಕೋಣೆ ಎಂದು ಬರೆದಿದ್ದರು. ಕೆಳಗೆ ಎಲ್ಲರ ಸಹಿ: ಯಾರಿಂದಲೂ ತೆಗೆದುಕೊಂಡಿಲ್ಲ. ಬಾಯಿ ವರ್ಗಕ್ಕೆ ಹೋದರು. ಬೆತ್ತ ಒಯ್ಯಲಿಲ್ಲ. “ಹದಿಮೂರು ಕೋಣೆ ಇದ್ದರೆ ಕಪ್ಪೆ ಕೆರೆಯಲ್ಲಿ ಏಕೆ ಕೂರುತ್ತದೆ? ಬಾಡಿಗೆಗೆ ಕೊಟ್ಟು ಆರಾಮ ಇರುತ್ತದೆ” ಎಂದರು. ವರ್ಗ ಬಿದ್ದು ಬಿದ್ದು ನಕ್ಕಿತು. ನಗು ನಿಂತ ಮೇಲೆ, “ನಾಡಿದ್ದು ಮತ್ತೆ ಪರೀಕ್ಷೆ. ಮತ್ತೆ ಯಾರೂ ಕಾಯುವುದಿಲ್ಲ” ಎಂದು ಹೇಳಿ ಬಂದರು.

ಮೂರನೆಯ ಸಲ ನಾನು ಕಿಟಕಿಯ ಹೊರಗಿನಿಂದ ನೋಡಿದೆ. ಮಕ್ಕಳು ತಲೆ ಬಗ್ಗಿಸಿ ತಮ್ಮ ತಮ್ಮ ಹಾಳೆ ಬರೆಯುತ್ತಿದ್ದರು. ಎಲ್ಲರೂ ಅಲ್ಲ. ಆದರೆ ಬಹಳ ಮಂದಿ. ಒಬ್ಬ ತನ್ನ ಪಕ್ಕದವನಿಗೆ, “ನೋಡಬ್ಯಾಡಲೇ, ನಂದೂ ತಪ್ಪೈತಿ” ಎಂದು ಗದರಿಸಿದ. ಈಗಿನವರು ಇದನ್ನು ನಂಬುವುದಿಲ್ಲ. ನಂಬದಿರಲು ಕಾರಣ ಮಕ್ಕಳಲ್ಲ, ನಾವು.

ಅದರ ಮುಂದಿನ ವರ್ಷ ಬಾಯಿ ಒಂದು ದಪ್ಪ ನೋಟುಬುಕ್ಕು ತರಿಸಿದರು. ಖರೇ ವಹಿ, ಅಂದರೆ ನಿಜದ ಪುಸ್ತಕ, ಎಂದು ಹೆಸರಿಟ್ಟರು. ಯಾರಿಗೂ ಗೊತ್ತಾಗದ ತಪ್ಪು ಮಾಡಿದವರು ಶನಿವಾರ ಆಫೀಸಿಗೆ ಬಂದು ಅದರಲ್ಲಿ ತಾವೇ ಬರೆದು ಸಹಿ ಮಾಡಬೇಕು. ಬಾಯಿ ಒಬ್ಬರೇ ಓದುತ್ತಾರೆ, ಕೆಳಗೆ ಎರಡು ಸಾಲು ಉತ್ತರ ಬರೆಯುತ್ತಾರೆ. ಮುಖಪುಟದ ಮೇಲೆ ನನ್ನ ಕೈಯಲ್ಲಿ ಬರೆಸಿದರು: ‘ಇಲ್ಲಿ ಬರೆದದ್ದಕ್ಕೆ ಶಿಕ್ಷೆ ಇಲ್ಲ.’ ಕಪಾಟಿನ ಒಂದು ಚಾವಿ ಅವರ ಹತ್ತಿರ, ಒಂದು ನನ್ನ ಹತ್ತಿರ.

ನಾನು ಕದ್ದು ಓದುತ್ತಿದ್ದೆ. ಓದಬಾರದಿತ್ತು. ‘ಪಿ.ಟಿ. ಸರ್ ಅವರ ಸೀಟಿ ಬಾವಿಗೆ ಎಸೆದವನು ನಾನು.’ ‘ಹೊಟ್ಟೆ ನೋವು ಎಂದು ಸುಳ್ಳು ಹೇಳಿ ಕ್ರಿಕೆಟ್ ನೋಡಿದೆ, ಆಮೇಲೆ ನಿಜವಾಗಿ ಹೊಟ್ಟೆ ನೋವು ಬಂತು.’ ಒಬ್ಬಳು ಬರೆದಿದ್ದಳು, ‘ಗೆಳತಿಯ ಕಂಪಾಸು ಕದ್ದೆ, ವಾಪಸು ಇಡಲು ಹೋದಾಗ ಸಿಕ್ಕಿಬಿದ್ದೆ, ಇಡಲು ಬಂದೆ ಎಂದರೆ ಯಾರೂ ನಂಬಲಿಲ್ಲ.’ ಕೆಳಗೆ ಬಾಯಿಯ ಅಕ್ಷರ: ‘ನಾನು ನಂಬಿದೆ.’

ಇನ್ನು ಆ ಹುಡುಗಿಯ ವಿಷಯ.

ನಮ್ಮ ಶಾಲೆಗೆ ಸಮೀಪದ ವಾಕಡದ ಕಡೆ ಎತ್ತರದ ಕಟ್ಟಡಗಳು ಏಳತೊಡಗಿದಾಗ ನಮ್ಮ ಕಡೆಯ ಜನ ತಗಡಿನ ಶೆಡ್ಡುಗಳಲ್ಲಿ ಬಂದು ತುಂಬಿದರು. ಭೀಮಶಾ ಅವರಲ್ಲಿ ಒಬ್ಬ. ಸ್ಲ್ಯಾಬಿಗೆ ಕಬ್ಬಿಣದ ಸಳಿ ಕಟ್ಟುವ ಕೆಲಸ. ಅವನ ಮಗಳು ಮಹಾದೇವಿ ನಮ್ಮ ಶಾಲೆಗೆ ಆರನೆಯ ವರ್ಗಕ್ಕೆ ಬಂದಳು. ಹೆಂಡತಿ ತೀರಿದ್ದಳು. ಅಪ್ಪ ಮಗಳು ಇಬ್ಬರೇ. ಭೀಮಶಾಗೆ ಅಕ್ಷರ ಬರುತ್ತಿರಲಿಲ್ಲ, ಮರಾಠಿಯೂ ಅಷ್ಟಕ್ಕಷ್ಟೇ. ಆ ಹೊತ್ತಿಗೆ ನಾನು ಕ್ಲಾರ್ಕ್ ಆಗಿದ್ದೆ, ಪ್ರವೇಶದ ಫಾರ್ಮು ನಾನೇ ತುಂಬಿದೆ. “ನೀವು ನಮ್ಮ ಕಡೆಯವರು ಇದ್ದೀರಿ ಅಂದ್ರ ನನಗ ಚಿಂತಿ ಇಲ್ರಿ” ಎಂದು ಕೈ ಮುಗಿದ.

ಶಾಲೆಯಲ್ಲಿ ಒಂದು ನಿಯಮವಿತ್ತು. ಪ್ರಗತಿ ಪುಸ್ತಕಕ್ಕೆ ಪಾಲಕರ ಸಹಿ ಬೇಕು. ಹೆಬ್ಬೆಟ್ಟು ಒತ್ತುವವರು ಆಫೀಸಿಗೆ ಬಂದು ಕ್ಲಾರ್ಕಿನ ಎದುರಿಗೇ ಒತ್ತಬೇಕು, ಕ್ಲಾರ್ಕ್ ಸಾಕ್ಷಿ ಹಾಕಬೇಕು. ಪರೀಕ್ಷೆ ಮುಗಿದಾಗಲೆಲ್ಲ ಹತ್ತಾರು ಜನ ಸಿಮೆಂಟಿನ ಕಾಲಲ್ಲಿ ಬಂದು ನಿಲ್ಲುತ್ತಿದ್ದರು. ಶಾಯಿ ನನ್ನ ಮೇಜಿಗೆಲ್ಲ ಬಳಿಯುತ್ತಿತ್ತು. ನನಗೆ ಬೇಸರ. ಅವರಿಗೆ ಆ ದಿನದ ಕೂಲಿ ಹೋಗುತ್ತಿತ್ತು. ನಾನು ಒಂದು ದಾರಿ ಕಂಡುಕೊಂಡಿದ್ದೆ.

ಮಹಾದೇವಿ ಏಳನೆಯಲ್ಲಿದ್ದಾಗ ಕಿಟಕಿಯ ಹತ್ತಿರ ಬಂದು ಕೇಳಿದಳು: “ಕಾಕಾ, ಅಪ್ಪಗ ನಾಳಿ ಸ್ಲ್ಯಾಬ್ ಕೆಲಸ ಅದರಿ. ಸೋಮವಾರ ಬಂದ್ರ ನಡೀತದೇನ್ರಿ?”

“ಸೋಮವಾರ ನಡ್ಯಂಗಿಲ್ಲ, ನಾಳಿನೇ ಕಡೀ ದಿನ. ನಿನಗ ನಿಮ್ಮಪ್ಪನ ಹೆಸರು ಬರೀಲಾಕ ಬರ್ತದಿಲ್ಲ?”

“ಬರ್ತದ್ರಿ.”

“ಮತ್ತ? ಬರದು ತಾ. ಯಾರು ನೋಡ್ತಾರ?”

“ಅಪ್ಪಗ ಹೇಳ್ಲೇನ್ರಿ?”

“ಹೇಳಿದ್ರ ಅಂವ ಮತ್ತ ನನ್ನ ಹತ್ರ ಕೇಳ್ಲಾಕ ಬರ್ತಾನ. ಸುಮ್ನ ಬರಿ ನಡಿ.”

‘ಯಾರೂ ನೋಡದಿರುವಾಗಲೂ’ ಎಂದು ನಾನು ಬಣ್ಣದಲ್ಲಿ ಬರೆದ ಫಲಕ ಆ ಕಿಟಕಿಯಿಂದ ಹತ್ತು ಹೆಜ್ಜೆ. ಅಂದಿನಿಂದ ಅವಳು ಅಪ್ಪನ ಹೆಸರನ್ನು ಅಚ್ಚುಕಟ್ಟಾಗಿ ಬರೆದು ತರುತ್ತಿದ್ದಳು. ಭೀಮಶಾ, ಸಹಿ ಬೇಡವೆಂದು ಶಾಲೆಯವರು ನಿಯಮ ಬದಲಿಸಿರಬೇಕು ಎಂದುಕೊಂಡ. ಅವಳಿಗಷ್ಟೇ ಅಲ್ಲ, ಇನ್ನೂ ಏಳೆಂಟು ಮಕ್ಕಳಿಗೆ ನಾನು ಹೀಗೇ ಹೇಳಿಕೊಟ್ಟಿದ್ದೆ.

ಎಂಟನೆಯಲ್ಲಿದ್ದಾಗ ಒಂದು ಶನಿವಾರ ಬಂದಳು. “ಕಾಕಾ, ಸಹೀದು ಖರೇ ವಹಿಯಾಗ ಬರೀಬೇಕೇನ್ರಿ?”

ನನಗೆ ನಗು ಬಂತು. “ಮನಸಿಗಿ ಹತ್ತಿದ್ರ ಬರಿ. ಬರದವರಿಗಿ ಏನೂ ಆಗಂಗಿಲ್ಲ. ಮ್ಯಾಲ ನಾನೇ ಬರದೀನಿ ನೋಡು.”

“ನೀವು ಹೇಳಿದ್ರಿ ಅಂತನೂ ಬರೀಲೇನ್ರಿ?”

“ಅದ್ಯಾಕ? ವಹಿ ನಿನ್ನ ತಪ್ಪಿಗಿ ಅದ, ನನ್ನ ತಪ್ಪಿಗಿ ಅಲ್ಲ.”

ಅವಳು ಹೂಂ ಎಂದು ಕೂತು ಬರೆದಳು. ‘ಅಪ್ಪನ ಸಹಿ ನಾನೇ ಮಾಡುತ್ತೇನೆ. ಅಪ್ಪನಿಗೆ ಗೊತ್ತಿಲ್ಲ.’ ಬಾಯಿ ಕೆಳಗೆ ಬರೆದರು: ‘ಓದಿದೆ. ಅಪ್ಪನಿಗೆ ಹೇಳು. ಹೇಳಲು ಕಷ್ಟವಾದರೆ ನನ್ನನ್ನು ಕರೆ.’ ಆದರೆ ಆ ವರ್ಷ ಬಾಯಿಯ ನಿವೃತ್ತಿ. ಬೀಳ್ಕೊಡುಗೆಯ ಗದ್ದಲದಲ್ಲಿ ಹುಡುಗಿ ಅವರನ್ನು ಕರೆಯಲಿಲ್ಲ. ಬಾಯಿ ತಮ್ಮ ಚಾವಿಯನ್ನೂ ನನಗೇ ಕೊಟ್ಟರು. “ಸಿದ್ರಾಮ್, ಈ ವಹಿಗಳನ್ನು ಸುಟ್ಟುಬಿಡು. ಮುಂದೆ ಬರುವವರು ಬೇಕಾದರೆ ಹೊಸದು ಇಡಲಿ” ಎಂದರು. ನಾನು ಸುಡಲಿಲ್ಲ. ಓದುವ ಚಟ. ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಅವರ ನಂತರ ಬಂದವರು ಜಗದಾಳೆ ಸರ್. ಬಂದ ತಿಂಗಳಲ್ಲೇ ಕಂಪ್ಯೂಟರ್ ಬಂತು, ಸೈಕ್ಲೋಸ್ಟೈಲ್ ಯಂತ್ರ ಗುಜರಿಗೆ ಹೋಯಿತು. ಫಲಕಕ್ಕೆ ಬಂಗಾರದ ಬಣ್ಣ ಹಚ್ಚಿಸಿದರು. ಪರೀಕ್ಷೆಗೆ ಮಾತ್ರ ಒಂದು ಕೋಣೆಗೆ ಇಬ್ಬರು ಮೇಲ್ವಿಚಾರಕರು. ಪ್ರತಿಜ್ಞೆ ಮುಂದುವರಿಯಿತು, ಬಂದ ಅತಿಥಿಗಳ ಮುಂದೆ ಎರಡು ಸಲ. ಯಾವುದೋ ಸಂಘದವರು ಬಂದು ‘ಪ್ರಾಮಾಣಿಕ ಶಾಲೆ’ ಎಂದು ಒಂದು ಫಲಕ ಕೊಟ್ಟು ಹೋದರು.

ಸರ್‌ಗೆ ಬೇಕಾಗಿದ್ದದ್ದು ಹತ್ತನೆಯ ವರ್ಗದಲ್ಲಿ ನೂರಕ್ಕೆ ನೂರು ಫಲಿತಾಂಶ. ನೂರಕ್ಕೆ ನೂರು ತರುವುದು ಹೇಗೆಂದು ಹೊಸಬರಿಗೆ ಗೊತ್ತಿರಲಿ. ಚೆನ್ನಾಗಿ ಕಲಿಸುವುದು ಒಂದು ದಾರಿ. ಇನ್ನೊಂದು, ಫೇಲಾಗಬಹುದಾದ ಮಕ್ಕಳನ್ನು ಒಂಬತ್ತರಲ್ಲೇ ಶಾಲೆಯಿಂದ ತೆಗೆದು, ಹೊರಗಿನಿಂದ ಪರೀಕ್ಷೆಗೆ ಕೂರುವ ಹದಿನೇಳು ನಂಬರ್ ಫಾರ್ಮು ತುಂಬಿರಿ ಎಂದು ಕಳಿಸುವುದು. ಆಮೇಲೆ ಅವರು ಫೇಲಾದರೂ ಲೆಕ್ಕ ನಮ್ಮದಲ್ಲ. ಪೇಪರಿನಲ್ಲಿ ಫೋಟೋ ನಮ್ಮದು.

ಸರ್ ನನ್ನನ್ನು ಕರೆದರು. “ಹತ್ತೊಂಬತ್ತು ಮಕ್ಕಳಿದ್ದಾರೆ. ಸುಮ್ಮನೆ ತೆಗೆದರೆ ಪಾಲಕರು ಜಗಳಕ್ಕೆ ಬರುತ್ತಾರೆ. ಏನಾದರೂ ಕಾರಣ ಬೇಕು. ಹಾಜರಿ, ಶಿಸ್ತು, ಏನಾದರೂ. ನೀನು ಹಳಬ, ನೋಡು.”

ಖರೇ ವಹಿಯ ಸಂಗತಿ ಜಗದಾಳೆ ಸರ್‌ಗೆ ಗೊತ್ತೇ ಇರಲಿಲ್ಲ. ಹೇಳಿದವನು ನಾನು. ಯಾರೂ ಒತ್ತಾಯ ಮಾಡಲಿಲ್ಲ, ಹೆದರಿಸಲಿಲ್ಲ. ಹೆಡ್ ಕ್ಲಾರ್ಕಿನ ಕುರ್ಚಿ ಖಾಲಿ ಇತ್ತು, ಅಷ್ಟೇ. “ಸರ್, ಮಕ್ಕಳೇ ತಮ್ಮ ಕೈಯಾರೆ ಬರೆದು ಸಹಿ ಮಾಡಿದ್ದು ಇದೆ” ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, “ವಾಹ್ ಸಿದ್ರಾಮ್!” ಎಂದರು. ಎರಡು ದಿನ ಕೂತು ಮೂರು ವಹಿ ತಿರುವಿದೆ. ಹತ್ತೊಂಬತ್ತರಲ್ಲಿ ಹನ್ನೊಂದು ಹೆಸರು ಸಿಕ್ಕವು. ಯಾವ ಪುಟ, ಯಾವ ತಪ್ಪು ಎಂದು ಪಟ್ಟಿ ಮಾಡಿ ಕೊಟ್ಟೆ. ಮುಖಪುಟದ ಮೇಲಿನ ಸಾಲು ನನ್ನದೇ ಅಕ್ಷರ. ಪಟ್ಟಿಯೂ ನನ್ನದೇ ಅಕ್ಷರ.

ಆ ಸಂಜೆ ನನಗೆ ಒಂದು ಸಂಗತಿ ಹೊಳೆಯಿತು. ಅದೇ ವರ್ಗದಲ್ಲಿ ಶಾಲೆ ನಡೆಸುವ ಸಂಸ್ಥೆಯ ಅಧ್ಯಕ್ಷರ ಸಂಬಂಧಿಕರ ಹುಡುಗನೊಬ್ಬ ಇದ್ದ. ಸ್ಟಾಫ್ ರೂಮಿನಿಂದ ಪ್ರಶ್ನೆಪತ್ರಿಕೆ ಕದ್ದು ಹಂಚಿದವನು ಅವನೇ ಎಂದು ಶಾಲೆಗೆಲ್ಲ ಗೊತ್ತಿತ್ತು. ವಹಿಯಲ್ಲಿ ಅವನು ಒಂದಕ್ಷರ ಬರೆದಿರಲಿಲ್ಲ. ಆದ್ದರಿಂದ ಅವನು ನಿರ್ಮಲ. ಆಗಸ್ಟ್ ಹದಿನೈದಕ್ಕೆ ಮೈಕಿನಲ್ಲಿ ಪ್ರತಿಜ್ಞೆ ಓದಿದ್ದೂ ಅವನೇ. ನಿಜ ಹೇಳಿದವರನ್ನು ಹುಡುಕಿ ಹುಡುಕಿ ಹೊರಗೆ ಹಾಕಿದೆವು, ಬಾಯಿ ಮುಚ್ಚಿಕೊಂಡವರನ್ನು ಉಳಿಸಿಕೊಂಡೆವು. ಇದನ್ನು ಮಾಡಿದ್ದು ‘ಪ್ರಾಮಾಣಿಕ ಶಾಲೆ’.

ಮಹಾದೇವಿ ಗಣಿತ, ಇಂಗ್ಲಿಷ್‌ನಲ್ಲಿ ಹಿಂದೆ ಇದ್ದಳು. ಪಟ್ಟಿಯಲ್ಲಿ ಅವಳದು ನಾಲ್ಕನೆಯ ಹೆಸರು. ಸರ್ ಭೀಮಶಾನನ್ನು ಕರೆಸಿದರು. ಅವನಿಗೆ ಮರಾಠಿ ಸರಿಯಾಗಿ ತಿಳಿಯದ್ದರಿಂದ ಕನ್ನಡದಲ್ಲಿ ಹೇಳಲು ನನ್ನನ್ನೂ ಕೋಣೆಗೆ ಕರೆದರು. ಅವನು ಕುರ್ಚಿ ಇದ್ದರೂ ಕೂರಲಿಲ್ಲ. ಹುಡುಗಿ ಗೋಡೆಯ ಹತ್ತಿರ ನಿಂತಿದ್ದಳು.

ಸರ್ ಹೇಳಿದರು: “ಎರಡು ವರ್ಷದಿಂದ ಇವಳು ನಿಮ್ಮ ಖೋಟಾ ಸಹಿ ಮಾಡುತ್ತಿದ್ದಾಳೆ ಎಂದು ಹೇಳು.”

ನಾನು ಹೇಳಿದೆ: “ಭೀಮಶಾ, ನಿನ್ನ ಮಗಳು ಎರಡು ವರ್ಷದಿಂದ ನಿನ್ನ ಹೆಸರಲೆ ಸುಳ್ಳು ಸಹಿ ಮಾಡ್ಯಾಳ.”

ಅವನು ಮೊದಲು ನಂಬಲಿಲ್ಲ. “ಏ, ಇಲ್ರಿ. ನನ್ನ ಮಗಳು ಹಂಗ ಮಾಡಂಗಿಲ್ರಿ.” ಸರ್ ವಹಿಯ ಪುಟ ತೆರೆದು ತಿರುಗಿಸಿ ತೋರಿಸಿದರು. ಅವನಿಗೆ ಓದಲು ಬರುತ್ತಿರಲಿಲ್ಲ. ನಾನು ಓದಿದೆ. ಅವಳ ಎರಡು ಸಾಲು ಓದಿದೆ. ಕೆಳಗಿನ ಬಾಯಿಯ ಎರಡು ಸಾಲು ಬಿಟ್ಟೆ.

ಅವನ ಮುಖ ಕಪ್ಪಿಟ್ಟಿತು. “ನಮ್ಮಣ್ಣ ನನ್ನ ಹೆಬ್ಬಟ್ಟು ಅಂತ ಯಾರದೋ ಹೆಬ್ಬಟ್ಟು ಒತ್ತಿಸಿ ಮನಿ ತನ್ನ ಹೆಸರಿಗಿ ಮಾಡ್ಕೊಂಡ. ಅದಕ್ಕೇ ಊರು ಬಿಟ್ಟು ಬಂದೀನಿ. ಈಗ ನನ್ನ ಹೊಟ್ಟ್ಯಾಗ ಹುಟ್ಟಿದಾಕಿನೂ ಅದೇ ಕಲ್ತಾಳೇನ್ರಿ?” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಯಾರು ಕಲಿಸ್ಯಾರ್ರಿ ಆಕಿಗಿ ಇದನ್ನ? ನೀವು ಇಲ್ಲೇ ಇರ್ತೀರಿ, ನಿಮಗ ಗೊತ್ತಿರಬೇಕು” ಎಂದ.

ಹುಡುಗಿ ತಲೆ ಎತ್ತಿ ನನ್ನನ್ನೇ ನೋಡಿದಳು. ಕೋಪದಿಂದಲ್ಲ. ಈಗ ಕಾಕಾ ಹೇಳುತ್ತಾರೆ ಎಂಬ ಭರವಸೆಯಿಂದ.

“ನನಗೇನು ಗೊತ್ತು?” ಎಂದೆ ನಾನು.

ಸರ್ ಮರಾಠಿಯಲ್ಲಿ ಕೇಳಿದರು, “ಏನು ಕೇಳುತ್ತಿದ್ದಾನೆ?”

“ಯಾರು ಹೇಳಿಕೊಟ್ಟರು ಎಂದು ಕೇಳುತ್ತಿದ್ದಾನೆ, ಸರ್.”

“ಹೇಳು ಹುಡುಗಿ, ಯಾರು ಹೇಳಿಕೊಟ್ಟರು?”

ಅವಳು ಇನ್ನೊಮ್ಮೆ ನನ್ನನ್ನು ನೋಡಿದಳು. ನಾನು ಮೇಜಿನ ಮೇಲಿನ ಗುಂಡು ಪೇಪರ್‌ವೇಟ್ ನೋಡಿದೆ. “ಯಾರೂ ಇಲ್ಲ ಸರ್. ನಾನೇ” ಎಂದಳು.

ಆ ಶಾಲೆಯಲ್ಲಿ ಅವಳು ಹೇಳಿದ ಒಂದೇ ಸುಳ್ಳು ಅದು. ಭೀಮಶಾ ಕೈ ಎತ್ತಿ ಅವಳ ಕೆನ್ನೆಗೆ ಬಾರಿಸಿದ. ಸಳಿ ಕಟ್ಟುವ ಕೈ. ಅವಳು ಗೋಡೆಗೆ ಹೋಗಿ ತಾಗಿದಳು. ಅಳಲಿಲ್ಲ. ಸರ್, “ಅಹೋ, ಇಲ್ಲಿ ಬೇಡ, ಮನೆಯಲ್ಲಿ ನೋಡಿಕೊಳ್ಳಿ” ಎಂದು ಗಂಟೆ ಒತ್ತಿದರು. ನಾನು ಬಾಗಿಲು ತೆರೆದು ಅವರನ್ನು ಹೊರಗೆ ಬಿಟ್ಟೆ. ಅದೂ ನನ್ನ ಕೆಲಸವೇ.

ಮಧ್ಯಾಹ್ನ ದಾಖಲೆ ಬರೆಯಲು ಕೂತೆ. ವರ್ತನೆ ಎಂಬಲ್ಲಿ ‘ಉತ್ತಮ’ ಎಂದು ಬರೆಯುವುದು ವಾಡಿಕೆ. ಎಂಥ ಪುಂಡನಿಗೂ ಹಾಗೇ ಬರೆದು ಕಳಿಸುತ್ತಿದ್ದೆವು. ಇವಳಿಗೆ ಮಾತ್ರ ಸರ್, “ಸಮಾಧಾನಕರವಲ್ಲ ಅಂತ ಬರಿ. ನಾಳೆ ಇವರಪ್ಪ ಯಾರನ್ನಾದರೂ ಕರೆದುಕೊಂಡು ಬಂದರೆ ನಮಗೆ ಆಧಾರ ಬೇಕು” ಎಂದರು. ಬರೆದೆ. ಅಕ್ಷರ ಬಹಳ ಚೆನ್ನಾಗಿ ಬಂತು. ನನ್ನ ಅಕ್ಷರ ಯಾವಾಗಲೂ ಚೆನ್ನಾಗಿಯೇ ಬರುತ್ತದೆ.

ಒಂದು ವಾರದ ಮೇಲೆ ಭೀಮಶಾ ಒಬ್ಬನೇ ಬಂದ. ವಾಕಡದ ಹತ್ತಿರದ ಶಾಲೆಯವರು ಆ ಕಾಲಮ್ ಓದಿ ಸೇರಿಸಿಕೊಳ್ಳಲಿಲ್ಲವಂತೆ. “ಹದಿನೇಳು ನಂಬರ್ ಫಾರ್ಮ್ ತುಂಬಸಪಾ” ಎಂದೆ. “ಬ್ಯಾಡ್ರಿ. ಸುಳ್ಳು ಸಹಿ ಮಾಡೋದು ಕಲ್ತಾಕಿಗಿ ಇನ್ನೂ ಓದಸಿದ್ರ ಇನ್ನೂ ದೊಡ್ಡ ಸುಳ್ಳು ಕಲೀತಾಳ. ನಿಮಗ ತ್ರಾಸ ಕೊಟ್ಟೆ, ಮಾಫ್ ಮಾಡ್ರಿ” ಎಂದು ನನಗೇ ಕೈ ಮುಗಿದು ಹೋದ. ಆಗಲಾದರೂ ಹೇಳಬಹುದಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಸರ್ ಊರಲ್ಲೂ ಇರಲಿಲ್ಲ. ಹೇಳಲಿಲ್ಲ. ನೌಕರಿಯ ಹೆದರಿಕೆ, ಹೊಟ್ಟೆಪಾಡು ಎಂದು ನಾನು ಬಹಳ ವರ್ಷ ನನಗೇ ಹೇಳಿಕೊಂಡೆ. ಅದೂ ಸುಳ್ಳು. ಅವನು ನನ್ನನ್ನು ದೊಡ್ಡ ಮನುಷ್ಯ ಎಂದುಕೊಂಡಿದ್ದ. ಆ ಸ್ಥಾನದಿಂದ ಇಳಿಯಲು ನನಗೆ ಮನಸ್ಸಾಗಲಿಲ್ಲ.

ಆ ವರ್ಗ ಹತ್ತಕ್ಕೆ ಹೋದ ವರ್ಷ ನೂರಕ್ಕೆ ನೂರು ಬಂತು. ಪೇಢೆ ಹಂಚಿದರು. ನಾನೂ ತಿಂದೆ.

ನನ್ನ ನಿವೃತ್ತಿಯ ದಿನ ಶಾಲು ಹೊದಿಸಿದರು. ಜಗದಾಳೆ ಸರ್ ಭಾಷಣದಲ್ಲಿ, “ನಮ್ಮ ಪ್ರಾಮಾಣಿಕತೆಯ ಪರಂಪರೆಯನ್ನು ಇಷ್ಟು ವರ್ಷ ಕಾಯ್ದವರು ನಮ್ಮ ಸಿದ್ರಾಮಪ್ಪ” ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೂ ಮೈಕು ಕೊಟ್ಟರು. ಧನ್ಯವಾದ ಎಂದಷ್ಟೇ ಹೇಳಿ ಕೂತೆ. ಮನೆಗೆ ಬಂದು ಆ ಶಾಲು ಕಿತ್ತು ಮೂಲೆಗೆ ಎಸೆದೆ. ನಾಚಿಕೆಯಿಂದ ಅಲ್ಲ, ಸಿಟ್ಟಿನಿಂದ. ಯಾರ ಮೇಲೆ ಎಂದು ಹೆಂಡತಿ ಕೇಳಿದಳು. ಮೊದಲು ಸರ್ ಹೆಸರು ಹೇಳಿದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಅವಳು, “ನನಗ ಯಾಕ ಹೇಳ್ತೀರಿ? ನಾ ಏನು ಆ ಹುಡುಗಿನಾ?” ಎಂದು ಒಳಗೆ ಹೋದಳು.

ಮೂರನೆಯ ದಿನ ಕೂತು ಮರಾಠಿಯಲ್ಲಿ ಒಂದು ಅರ್ಜಿ ಬರೆದೆ. ಸಹಿ ಮಾಡಲು ಹೇಳಿದವನು ನಾನು, ವಹಿ ತೋರಿಸಿದವನು ನಾನು, ಆ ಹುಡುಗಿಯ ವರ್ತನೆ ಉತ್ತಮವಾಗಿತ್ತು, ರಜಿಸ್ಟರ್ ತಿದ್ದಬೇಕು ಎಂದು. ಒಂದು ಪ್ರತಿ ಶಾಲೆಗೆ, ಒಂದು ಶಿಕ್ಷಣ ಅಧಿಕಾರಿಯ ಕಚೇರಿಗೆ ಕೊಟ್ಟೆ. ಶಾಲೆಯಲ್ಲಿ ನನ್ನ ಜಾಗಕ್ಕೆ ಬಂದ ಹುಡುಗ ಅದನ್ನು ಓದಿ, “ಕಾಕಾ, ಈಗ ಇದರಿಂದ ಏನು ಪ್ರಯೋಜನ?” ಎಂದ. “ಇನ್‌ವರ್ಡ್ ನಂಬರ್ ಹಾಕು” ಎಂದೆ. ರಜಿಸ್ಟರ್ ಈವರೆಗೆ ತಿದ್ದಿಲ್ಲ.

ಮೂರನೆಯ ಪ್ರತಿ ಹಿಡಿದು ವಾಕಡಕ್ಕೆ ಹೋದೆ. ನಮ್ಮ ಕಡೆಯ ಕೂಲಿಗಳನ್ನು ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಈಗ ತಗಡಿನ ಶೆಡ್ಡಲ್ಲ. ಒಂದು ಚಾಳಿನಲ್ಲಿ ಎರಡು ಕೋಣೆ. ಬಾಗಿಲು ತೆರೆದವಳು ಮಹಾದೇವಿ. ಇಪ್ಪತ್ತು ದಾಟಿದ್ದಳು. ದೊಡ್ಡ ಕಟ್ಟಡದಲ್ಲಿ ಐ.ಟಿ.ಯವರ ಮಕ್ಕಳನ್ನು ನೋಡಿಕೊಳ್ಳುವ ಪಾಳಣಾಘರದಲ್ಲಿ ಕೆಲಸವಂತೆ. ನನ್ನನ್ನು ಗುರುತು ಹಿಡಿದಳು. “ಬರ್ರಿ ಕಾಕಾ” ಎಂದಳು. ಮುಖದಲ್ಲಿ ಏನೂ ಇರಲಿಲ್ಲ. ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಭೀಮಶಾ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮೇಲಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು, ಕೆಲಸ ಬಿಟ್ಟಿದ್ದ.

ನಾನು ಅಡುಗೆ ಕಟ್ಟೆಯ ಹತ್ತಿರ ಹೋಗಿ ಅರ್ಜಿ ಅವಳ ಕೈಗೆ ಕೊಟ್ಟೆ. ನಿಂತೇ ಓದಿದಳು. ಎರಡು ಸಲ ಓದಿದಳು.

“ತಂಗಿ, ನನ್ನ ಮಾಫ್ ಮಾಡು” ಎಂದೆ.

“ಅವತ್ತು ನೀವು ಸುಳ್ಳು ಹೇಳಿದ್ದಕ್ಕ ನನಗ ಅಷ್ಟು ಸಿಟ್ಟಿಲ್ಲ ಕಾಕಾ. ನಾ ಯಾಕ ಸುಳ್ಳು ಹೇಳಿದೆ ಅಂತ ಸಿಟ್ಟು. ನಿಮ್ಮ ನೌಕರಿ ಹೋಗ್ತದ, ನಮ್ಮ ಕಡೆಯವರು ಅಂದ್ಕೊಂಡೆ.” ದನಿ ಏರಿಸಲಿಲ್ಲ. “ಸಾಲಿ ಹೋತು, ಹೋಗ್ಲಿ. ಅಪ್ಪ ಇವತ್ತಿಗೂ ನನ್ನ ಕೈಯಾಗ ಕಾಗದ ಕೊಡಂಗಿಲ್ಲ. ದವಾಖಾನಿ ಚೀಟಿ ಸೈತ ಬಾಜೂ ಮನಿಯವರ ಕಡಿಂದ ಓದಸ್ತಾನ. ನಾ ಓದಿ ಹೇಳಿದ್ರ ನಂಬಂಗಿಲ್ಲ.”



ಅವಳು ಅರ್ಜಿಯನ್ನು ಮಡಚಿ ನನಗೇ ವಾಪಸು ಕೊಟ್ಟಳು. “ಇದು ನನಗ್ಯಾಕ? ನನಗ ಮೊದಲೇ ಗೊತ್ತದ. ಅಪ್ಪಗ ಓದಾಕ ಬರಂಗಿಲ್ಲ. ಅಂವಗ ಬಾಯಿಲೆ ಹೇಳ್ರಿ. ಕನ್ನಡದಾಗ ಹೇಳ್ರಿ.”

ಮಂಚದ ಹತ್ತಿರ ನೆಲದ ಮೇಲೆ ಕೂತೆ. ಭೀಮಶಾ, “ಅಯ್ಯ, ಕೆಳಗ ಯಾಕ ಕುಂತ್ರಿ, ಕುರ್ಚಿ ತೊಗೋರಿ” ಎಂದು ಏಳಲು ಹೋದ. ಬೇಡ ಎಂದೆ. ಹೇಳಿದೆ. ಕಿಟಕಿಯ ಹತ್ತಿರ ಅವಳಿಗೆ ಹೇಳಿದ ಮಾತು, ಅಪ್ಪನಿಗೆ ಹೇಳಬೇಡ ಎಂದ ಮಾತು, ವಹಿಯಲ್ಲಿ ನನ್ನ ಹೆಸರು ಬರೆಯಬೇಡ ಎಂದ ಮಾತು, ಆ ಕೋಣೆಯಲ್ಲಿ ನಾನು ಓದದೆ ಬಿಟ್ಟ ಎರಡು ಸಾಲು, ಕಾಲಮ್ಮಿನಲ್ಲಿ ಬರೆದದ್ದು. ನಡುವೆ ನಿಲ್ಲಿಸಿದಾಗ ಮಹಾದೇವಿ ಹಿಂದಿನಿಂದ, “ಪೂರಾ ಹೇಳ್ರಿ” ಎಂದಳು. ಪೂರಾ ಹೇಳಿದೆ.

ಅವನು ಬೈಯುತ್ತಾನೆ, ಮೈಮೇಲೆ ಬರುತ್ತಾನೆ ಎಂದು ಕಾದೆ. ಬರಲಿ ಎಂದೇ ಕಾದೆ. ಅವನು ತನ್ನ ಬಲಗೈಯನ್ನು ನೋಡುತ್ತ ಕೂತಿದ್ದ. ಆಮೇಲೆ ಕೇಳಿದ:

“ಅಂದ್ರ ಆಕಿ ತಾನಾಗೇ ಖರೇ ಬರದಿದ್ಲೇನ್ರಿ?”

“ಹೌದು.”

“ನಾ ಹೊಡೆದಾಗೂ ನಿಮ್ಮ ಹೆಸರು ಹೇಳ್ಲಿಲ್ಲ.”

“ಇಲ್ಲ.”

ಅವನು ತಲೆ ಎತ್ತಲಿಲ್ಲ. ಮೊದಲ ಸಲ ನನಗೆ ರೀ ಹಚ್ಚದೆ ಮಾತಾಡಿದ. “ಸಿದ್ರಾಮಪ್ಪ, ನೀ ಈಗ ಹೋಗು. ನಾ ನನ್ನ ಮಗಳ ಜೋಡಿ ಮಾತಾಡಬೇ‌ಕು.”

ಎದ್ದೆ. ಮಹಾದೇವಿ ಒಲೆ ಆರಿಸಿ ಬಂದು ನನ್ನ ಹಿಂದೆ ಬಾಗಿಲು ಹಾಕಿಕೊಂಡಳು. ಅವರು ಏನು ಮಾತಾಡಿದರು ಎಂದು ನನಗೆ ಗೊತ್ತಿಲ್ಲ. ಕೇಳಿಸಿಕೊಳ್ಳಲು ನಿಲ್ಲಲಿಲ್ಲ.